ಪೇಪರಿನಲ್ಲಿ ಸುತ್ತಿ ಕೊಟ್ಟ ಎರಡು ಮಾತ್ರೆ

ಈಗ ತಾನೇ ಮೆಡಿಕಲ್ ಶಾಪಿನಿಂದ ಬಂದೆ. ತಲೆ ಕೆಟ್ಟಿದೆ. ನನ್ನ ಶುಗರ್ ಮಾತ್ರೆ ತಿಂಗಳ ಕೊನೆಗೇ ಮುಗಿಯೋದು, ನಿಮಗೆ ಗೊತ್ತಲ್ಲ.

ನನ್ನ ಮುಂದಿದ್ದವರಿಗೆ ಅರವತ್ತರ ಹತ್ತಿರ. ಚೀಟಿ ತೋರಿಸಿ ಬಿಪಿ ಮಾತ್ರೆ, ಹೃದಯದ ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್ ತಗೊಂಡರು. ಆಮೇಲೆ ಬಗ್ಗಿ ಏನೋ ಪಿಸುಗುಟ್ಟಿದರು. ಹುಡುಗ ಕಿಸಕ್ಕನೆ ನಕ್ಕು, ಕತ್ತರಿ ಹಿಡಿದು ಸ್ಟ್ರಿಪ್‌ನಿಂದ ಎರಡು ನೀಲಿ ಮಾತ್ರೆ ಕತ್ತರಿಸಿ, ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ. ಹೆಸರು, ಎಕ್ಸ್‌ಪೈರಿ ಎಲ್ಲ ಅವನ ಕೈಯಲ್ಲಿದ್ದ ತುಂಡಿನಲ್ಲೇ ಉಳಿಯಿತು. ಇದಕ್ಕೆ ಚೀಟಿ ಕೇಳಲಿಲ್ಲ. ನಗೋಕೆ ಮಾತ್ರ ಪುರುಸೊತ್ತಿತ್ತು.

ಸಾರ್ಬಿಟ್ರೇಟ್ ರಕ್ತನಾಳ ಹಿಗ್ಗಿಸುತ್ತದೆ. ಆ ನೀಲಿ ಮಾತ್ರೆ, ಅಂದರೆ ಗಂಡಸರ ನಿಮಿರುವಿಕೆ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರಾ), ಅದೂ ಹಿಗ್ಗಿಸುತ್ತದೆ. ಎರಡೂ ಸೇರಿದರೆ ಬಿಪಿ ದಡಕ್ಕನೆ ಇಳಿದು ಜೀವಕ್ಕೇ ಕುತ್ತು. ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ಆದರೆ 48 ಗಂಟೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವ ಹಾಗೇ ಇಲ್ಲ. ಎದೆನೋವು ಬಂದು ಆಸ್ಪತ್ರೆಗೆ ಹೋದರೆ ಮೊದಲು ಇದನ್ನೇ ಹೇಳಬೇಕು. ಪಕ್ಕದಲ್ಲಿ ಸೊಸೆ ನಿಂತಿದ್ದರೆ ಯಾವ ಮಾವ ಬಾಯಿ ಬಿಡುತ್ತಾನೆ ಹೇಳಿ?

"ಇಂಗ್ಲಿಷ್ ಮಾತ್ರೆ ಬೇಡ, ನಾಟಿ ಔಷಧ ತಗೊಳ್ಳಿ" ಅನ್ನೋರು ಕಾಮೆಂಟಿಗೆ ಬಂದೇ ಬರುತ್ತೀರಿ. ಬನ್ನಿ. ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರಿನಲ್ಲಿರೋ ಆ 'ಶಕ್ತಿ' ಪುಡಿಗಳಿಗೂ ಇದೇ ಸಿಲ್ಡೆನಾಫಿಲ್ ಕದ್ದು ಬೆರೆಸುವವರಿದ್ದಾರೆ. ಎಷ್ಟು ಬೆರೆಸಿದ್ದಾರೆ ಅಂತ ಆ ದೇವರಿಗೇ ಗೊತ್ತು.

ನಾನೇನು ಸಾಚಾ ಅಲ್ಲ. ಆರು ವರ್ಷದ ಹಿಂದೆ ಇಂಥದ್ದೇ ಪೊಟ್ಟಣ ತಂದು, ಜಾಸ್ತಿ ಇದ್ದರೆ ಒಳ್ಳೇದು ಅಂತ 100 ಮಿಲಿಗ್ರಾಂ ಮಾತ್ರೆ ನುಂಗಿದ್ದೆ. ಮುಖ ಕೆಂಡ, ತಲೆ ಸಿಡಿತ. ಬಚ್ಚಲಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಹೆಂಡತಿ ಪಿತ್ತ ಅಂದುಕೊಂಡು ಮಜ್ಜಿಗೆ ತಂದುಕೊಟ್ಟಳು. ಕುಡಿದೆ. ಆಮೇಲೆ ಡಾಕ್ಟರ ಹತ್ತಿರ ಹೋದರೆ ಮಾತ್ರೆ ಬರೆಯೋದು ಬಿಟ್ಟು ಇಸಿಜಿ ಮಾಡಿಸಿದರು. ಆ ಅಂಗದ ರಕ್ತನಾಳ ಸಣ್ಣದು, ತೊಂದರೆ ಅಲ್ಲೇ ಮೊದಲು ಕಾಣಿಸಬಹುದು, ಹೃದಯದ್ದು ಆಮೇಲೆ ಅಂದರು. ಕೊನೆಗೆ 25 ಮಿಲಿಗ್ರಾಂನಿಂದ ಶುರು ಮಾಡಿಸಿದರು. ಆ ಮಾತಿಗೆ ಹಿಡಿದದ್ದು ಹತ್ತೇ ನಿಮಿಷ. ನಾನು ನಾಚಿಕೆಗೆ ಎರಡು ವರ್ಷ ಕಳೆದಿದ್ದೆ.

ಇವತ್ತು ಅವರಿಗೆ ಮೆಲ್ಲಗೆ, "ಯಜಮಾನರೇ, ಸಾರ್ಬಿಟ್ರೇಟ್ ಜೊತೆ ಅದು ಬೇಡ" ಅಂದೆ. ಕಿವಿ ಕೆಂಪಾಯಿತು. "ನನಗಲ್ಲ, ಫ್ರೆಂಡಿಗೆ" ಅಂದವರೇ ಸ್ಕೂಟರ್ ಹತ್ತಿ ಹೋಗಿಬಿಟ್ಟರು. ಹುಡುಗ ಆಗಲೇ ನನ್ನ ಚೀಟಿಗೆ ಕೈ ಚಾಚಿದ್ದ.