ಫೈಲ್ ಯಾರ ಹೆಸರಲ್ಲಿದೆ?

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಯಂತ್ರದ ಬಿಡಿಭಾಗ ಮಾಡುವ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸ. ಅಕ್ಕನನ್ನು ಕೊಟ್ಟಿರುವುದು ಬೆಳಗಾವಿಗೆ. ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಸಣ್ಣದೊಂದು ಫೌಂಡ್ರಿ ನಡೆಸುತ್ತಾರೆ. ಎರಡೂ ಕಡೆಯ ಕಂಪ್ಯೂಟರ್ ತೆರೆದರೆ ಒಳಗಿರುವುದು ಹೆಚ್ಚುಕಡಿಮೆ ಒಂದೇ. ಗಿರಾಕಿ ಕಳಿಸಿದ ಡ್ರಾಯಿಂಗು, ಕೊಟೇಶನ್ನು, ಪರ್ಚೇಸ್ ಆರ್ಡರು, ಟೆಸ್ಟ್ ಸರ್ಟಿಫಿಕೇಟು, ಬಿಲ್ಲು, ಕೆಲಸಗಾರರ ಸಂಬಳದ ಲೆಕ್ಕ. ಇವೆಲ್ಲ ಈಗ ಎರಡೂ ಕಡೆ ಕ್ಲೌಡ್, ಅಂದರೆ ಇಂಟರ್ನೆಟ್ಟಿನ ಮೂಲಕ ತೆರೆಯುವ ಬೇರೆ ಕಂಪನಿಯ ಕಂಪ್ಯೂಟರು, ಸೇರಿವೆ. ಇಟ್ಟುಕೊಳ್ಳುವ ರೀತಿ ಮಾತ್ರ ಪೂರ್ತಿ ಬೇರೆ.

ಊರಿಗೆ ಹೋದಾಗೆಲ್ಲ ಯಾರಾದರೂ ಕೇಳುತ್ತಾರೆ: ಗೂಗಲ್ ಡ್ರೈವ್ ಒಳ್ಳೇದಾ, ಒನ್‌ಡ್ರೈವಾ, ಡ್ರಾಪ್‌ಬಾಕ್ಸಾ? ನನ್ನ ಪ್ರಕಾರ ಅದು ಆಮೇಲೆ ಕೇಳಬೇಕಾದ ಪ್ರಶ್ನೆ. ಮೂರೂ ಕೆಲಸ ಮಾಡುತ್ತವೆ. ಮೊದಲು ಕೇಳಬೇಕಾದ್ದು ಇದು: ಆ ಫೈಲ್ ಯಾರ ಖಾತೆಯಲ್ಲಿದೆ? ಇವತ್ತು ಅದು ಹೋದರೆ ನಾಳೆ ಬೆಳಿಗ್ಗೆ ಎಲ್ಲಿಂದ ತರುತ್ತೀರಿ?

ನಮ್ಮ ಕಡೆಯ ರೀತಿಯಲ್ಲಿ ನನಗೆ ನಿಜವಾಗಿ ಹಿಡಿಸುವ ಗುಣವೊಂದಿದೆ. ವೇಗ. ಪುಣೆಯ ಗಿರಾಕಿ ಬೆಳಿಗ್ಗೆ ಡ್ರಾಯಿಂಗ್ ಕಳಿಸುತ್ತಾನೆ. ಹತ್ತು ನಿಮಿಷದಲ್ಲಿ ಅದು ಎರಕದ ಮಾದರಿ (ಪ್ಯಾಟರ್ನ್) ಮಾಡುವವನ ಫೋನಿನಲ್ಲಿರುತ್ತದೆ. ಮಧ್ಯಾಹ್ನದೊಳಗೆ ದರ ಹೇಳಿ ಆಗಿರುತ್ತದೆ. ಇಂಟರ್ನೆಟ್ಟೂ ಚೆನ್ನಾಗಿದೆ. ಫೈಬರ್ ಲೈನಿನಲ್ಲಿ ಇಳಿಸುವ ವೇಗವೇ ಏರಿಸುವುದಕ್ಕೂ ಸಿಗುತ್ತದೆ. ಇಲ್ಲಿ ಜರ್ಮನಿಯಲ್ಲಿ ಎಷ್ಟೋ ಹಳ್ಳಿಗಳ ಕಾರ್ಖಾನೆಗಳು ಇನ್ನೂ ಹಳೇ ತಾಮ್ರದ ಟೆಲಿಫೋನ್ ತಂತಿಯ ಮೇಲೇ ನಡೆಯುತ್ತಿವೆ. 100 ಎಂಬಿಪಿಎಸ್ ಅಂತ ಕೊಂಡ ಲೈನಿನಲ್ಲಿ ಏರಿಸಲು ಸಿಗುವುದು 40. ದೊಡ್ಡ ತ್ರೀಡಿ ಮಾಡೆಲ್‌ಗಳನ್ನು ಮೇಲೆ ಹಾಕಲು ಬಿಟ್ಟು ಊಟಕ್ಕೆ ಹೋಗುವ ಇಂಜಿನಿಯರುಗಳನ್ನು ನಾನು ನೋಡುತ್ತೇನೆ.

ಸೌಕರ್ಯ ಬೇಗ ಬಂತು, ಪದ್ಧತಿ ಹಿಂದೆ ಉಳಿಯಿತು. ನನ್ನ ಚಿಂತೆ ಇದೇ.

ನಮ್ಮ ಊರ ಕಡೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಅಂಗಡಿಗೋ ವರ್ಕ್‌ಶಾಪಿಗೋ ಕಂಪ್ಯೂಟರ್ ಗೊತ್ತಿರುವ ಹುಡುಗನೊಬ್ಬ ಸೇರುತ್ತಾನೆ. ಒಂದು ಜಿಮೇಲ್ ತೆರೆಯುತ್ತಾನೆ, ಎಷ್ಟೋ ಸಲ ತನ್ನ ಫೋನ್ ನಂಬರಿನಲ್ಲೇ. 15 ಜಿಬಿ ಪುಕ್ಕಟೆ ಸಿಗುತ್ತದೆ. ಎಲ್ಲ ಅದರೊಳಗೆ ಹೋಗುತ್ತದೆ. ಮೂರ್ನಾಲ್ಕು ವರ್ಷ ಆರಾಮಾಗಿ ನಡೆಯುತ್ತದೆ. ಆಮೇಲೆ ಹುಡುಗ ಬೆಂಗಳೂರಿಗೆ ಹೋಗುತ್ತಾನೆ. ಮಾಮಾನ ಗೆಳೆಯರೊಬ್ಬರ ಶಾಪಿನಲ್ಲಿ ಇದೇ ಆಯಿತು. ಆ ಹುಡುಗ ಕೆಟ್ಟವನಲ್ಲ. ನಂಬರ್ ಬದಲಾಯಿಸಿದ, ಹಳೇ ಪಾಸ್‌ವರ್ಡ್ ಮರೆತ, ಅಷ್ಟೇ. ಆದರೆ ಶಾಪಿನ ವರ್ಷಗಟ್ಟಲೆಯ ಡ್ರಾಯಿಂಗುಗಳು ಯಾರ ಕೈಗೂ ಸಿಗದ ಜಾಗದಲ್ಲಿ ಕೂತವು. ಹಳೇ ಗಿರಾಕಿ ಅದೇ ಭಾಗ ಮತ್ತೆ ಬೇಕು ಅಂದಾಗ, ಡ್ರಾಯಿಂಗ್ ಇನ್ನೊಮ್ಮೆ ಕಳಿಸಿ ಅಂತ ಅವರನ್ನೇ ಕೇಳಬೇಕಾಯಿತು. ವ್ಯಾಪಾರದಲ್ಲಿ ಆ ಒಂದು ಫೋನ್ ಕರೆ ಎಷ್ಟು ಕಷ್ಟದ್ದು ಅಂತ ವ್ಯಾಪಾರ ಮಾಡಿದವರಿಗೆ ಗೊತ್ತು.

ಇದರ ಹಿಂದೆ ಒಂದು ಸಂಗತಿ ಇದೆ, ಬಹಳ ಜನರಿಗೆ ಯಾರೂ ಹೇಳಿರುವುದಿಲ್ಲ. ಗೂಗಲ್ ಡ್ರೈವ್‌ನ ಮಾಮೂಲಿ ಫೋಲ್ಡರಿನಲ್ಲಿ ಫೈಲ್ ಸೇರಿರುವುದು ಅದನ್ನು ಹಾಕಿದ ಖಾತೆಗೆ. ನೀವು ಹಂಚಿಕೊಂಡಿರಬಹುದು, ತಿದ್ದುತ್ತಿರಬಹುದು. ಮಾಲೀಕ ಮಾತ್ರ ಆ ಖಾತೆಯೇ. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಯನ್ನು ಅಳಿಸುವ ನಿಯಮವನ್ನೂ ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಕಂಪನಿಯೇ ಮಾಲೀಕನಾಗುವ ಶೇರ್ಡ್ ಡ್ರೈವ್ ಅನ್ನುವುದು 2017ರಲ್ಲೇ ಬಂತು. ಅದು ದುಡ್ಡು ಕೊಡುವ ಬಿಸಿನೆಸ್ ಖಾತೆಯಲ್ಲಿ ಸಿಗುತ್ತದೆ, ಅದೂ ಎಲ್ಲಕ್ಕಿಂತ ಅಗ್ಗದ ಪ್ಲಾನಿನಲ್ಲಿ ಅಲ್ಲ. ಮೈಕ್ರೋಸಾಫ್ಟಿನಲ್ಲೂ ಹಾಗೇ. ಒನ್‌ಡ್ರೈವ್ ಅನ್ನುವುದು ಒಬ್ಬ ನೌಕರನದು, ಶೇರ್‌ಪಾಯಿಂಟ್ ಅನ್ನುವುದು ಕಂಪನಿಯದು. ನೌಕರನ ಖಾತೆ ತೆಗೆದರೆ, ಯಾರೂ ಏನೂ ಬದಲಾಯಿಸದಿದ್ದರೆ, ಅವನ ಒನ್‌ಡ್ರೈವ್ ಉಳಿಯುವುದು 30 ದಿನ.

ಇಲ್ಲಿ ನಮ್ಮ ಕಂಪನಿಯಲ್ಲಿ ಯಾರಾದರೂ ಕೆಲಸ ಬಿಟ್ಟರೆ ಒಂದು ಹಾಳೆ ಬರುತ್ತದೆ. ಬಾಗಿಲ ಕೀಲಿ, ಲ್ಯಾಪ್‌ಟಾಪ್, ಅದರ ಕೆಳಗೆ ಖಾತೆಗಳು. ಯಾರ ಫೈಲ್ ಯಾರಿಗೆ ಹೋಗಬೇಕು ಅಂತ ಅವರ ಮೇಲಿನವರು ಬರೆದು ಸಹಿ ಹಾಕಬೇಕು. ಬಂದ ಹೊಸದರಲ್ಲಿ ಇದು ಅತಿಯಾಯಿತು ಅನ್ನಿಸಿತ್ತು. ಈಗ ನಾನು ಬೆಳಗಾವಿಗೆ ಒಯ್ಯಬೇಕು ಅಂದುಕೊಳ್ಳುವ ಮೊದಲ ವಸ್ತು ಆ ಹಾಳೆ.

ಹಾಗಂತ ಜರ್ಮನಿಯ ರೀತಿ ಎಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. ಜನರ ವೈಯಕ್ತಿಕ ವಿವರಗಳನ್ನು ಕಾಯುವ ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ದಂಡ 2 ಕೋಟಿ ಯೂರೋವರೆಗೆ, ಇಲ್ಲವೇ ಜಗತ್ತಿನಾದ್ಯಂತದ ವಹಿವಾಟಿನ 4 ಶೇಕಡಾವರೆಗೆ, ಯಾವುದು ಜಾಸ್ತಿಯೋ ಅದು. ಜನರ ವಿವರಗಳನ್ನು ಕ್ಲೌಡ್ ಕಂಪನಿಯ ಕೈಗೆ ಕೊಡುವ ಮುಂಚೆ ಅವರ ಜೊತೆ ಲಿಖಿತ ಒಪ್ಪಂದ ಇರಲೇಬೇಕು. ಕಾನೂನು ಒಳ್ಳೆಯದೇ. ಆದರೆ ಅದರ ಭಯ ಎಲ್ಲದಕ್ಕೂ ಹಬ್ಬಿದೆ. ಬರೀ ಯಂತ್ರದ ಅಳತೆ ಇರುವ ಡ್ರಾಯಿಂಗ್ ಹಂಚಿಕೊಳ್ಳಲೂ ‘ಅದು ಡೇಟಾ ರಕ್ಷಣೆಗೆ ಬರುತ್ತದಾ’ ಅಂತ ವಾರಗಟ್ಟಲೆ ಯೋಚಿಸುತ್ತಾರೆ. ಅಷ್ಟರಲ್ಲಿ ಬೇಸತ್ತ ಸೇಲ್ಸ್‌ನವನು ತನ್ನ ಸ್ವಂತ ಖಾತೆಯಿಂದ ಲಿಂಕ್ ಕಳಿಸಿಬಿಟ್ಟಿರುತ್ತಾನೆ. ನಿಯಮ ತುಂಬಾ ಬಿಗಿಯಾದ ಕಡೆ ಕೊನೆಗೆ ನಡೆಯುವುದು ಬೆಳಗಾವಿಯಲ್ಲಿ ನಡೆಯುವುದೇ, ಅದೂ ಕದ್ದುಮುಚ್ಚಿ.

ಇನ್ನು ಬ್ಯಾಕಪ್, ಅಂದರೆ ಬೇರೆ ಕಡೆ ತೆಗೆದಿಡುವ ನಕಲಿನ ವಿಷಯ. ಎರಡೂ ಕಡೆಯವರ ಜೊತೆ ನಾನು ಜಾಸ್ತಿ ಜಗಳ ಆಡುವುದು ಇದರ ಮೇಲೇ. ಮಾಮಾ ಫೋನಿನಲ್ಲಿ ಹೇಳುತ್ತಿದ್ದರು: “ಏನಾಗೂದಿಲ್ಲ ಬಿಡೋ ತಮ್ಮಾ, ಎಲ್ಲಾ ಮ್ಯಾಲ ಅದ.” ನಾನು ಕೇಳಿದೆ: “ಮಾಮಾ, ನಿಮ್ಮ ಆಫೀಸಿನ ಕಂಪ್ಯೂಟರಿನಾಗ ಯಾರರ ಆ ಫೋಲ್ಡರ್ ಅಳಿಸಿದ್ರ ಮ್ಯಾಲಿಂದು ಉಳೀತದೇನು?” ಕಂಪ್ಯೂಟರಿನ ಫೋಲ್ಡರನ್ನೂ ಕ್ಲೌಡಿನದನ್ನೂ ಒಂದೇ ಥರ ಇಡುವ ಸಿಂಕ್ ಅಂದರೆ ಕನ್ನಡಿ. ಈ ಕಡೆ ಅಳಿಸಿದ್ದು ಆ ಕಡೆಯೂ ಅಳಿಯುತ್ತದೆ. ವೈರಸ್ ಬಂದು ಇಲ್ಲಿಯ ಫೈಲುಗಳಿಗೆ ಬೀಗ ಹಾಕಿದರೆ, ಬೀಗ ಬಿದ್ದ ಫೈಲೇ ಮೇಲೂ ಹೋಗುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅಳಿಸಿದ ಫೈಲ್ 30 ದಿನ ಇರುತ್ತದೆ, ಕಂಪನಿ ಖಾತೆಯ ಒನ್‌ಡ್ರೈವ್‌ನಲ್ಲಿ 93 ದಿನ. ಮಾರ್ಚ್‌ನಲ್ಲಿ ಅಳಿದ ಫೈಲ್ ಆಡಿಟರ್ ಸೆಪ್ಟೆಂಬರಿನಲ್ಲಿ ಕೇಳಿದಾಗ ತಾನೇ ಗೊತ್ತಾಗುವುದು? ಆ ಹೊತ್ತಿಗೆ ಎರಡೂ ಬುಟ್ಟಿ ಖಾಲಿ.

ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬಳಸುವವರು ಇನ್ನೊಂದು ಮಾಡುತ್ತಾರೆ, ದಯವಿಟ್ಟು ಮಾಡಬೇಡಿ. ಟ್ಯಾಲಿಯ ಡೇಟಾ ಫೋಲ್ಡರನ್ನೇ ಸಿಂಕ್ ಆಗುವ ಫೋಲ್ಡರಿನೊಳಗೆ ಇಡುತ್ತಾರೆ. ಲೆಕ್ಕ ಬರೆಯುವಾಗ ಆ ಫೈಲುಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಸಿಂಕ್ ಒಂದು ಫೈಲಿನ ಹೊಸ ರೂಪವನ್ನೂ ಇನ್ನೊಂದರ ಹಳೇ ರೂಪವನ್ನೂ ಎತ್ತಿಕೊಂಡು ಹೋಗಬಹುದು. ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆದರೆ ಎರಡು ನಕಲು ಹುಟ್ಟುತ್ತವೆ, ಯಾವುದರಲ್ಲಿ ಯಾವ ವೋಚರ್ ಇದೆ ಅಂತ ಹುಡುಕುತ್ತಾ ಕೂರಬೇಕು. ಟ್ಯಾಲಿಯ ಒಳಗಿನಿಂದಲೇ ಬ್ಯಾಕಪ್ ತೆಗೆದು, ಆ ಬ್ಯಾಕಪ್ಪನ್ನು ಮೇಲೆ ಹಾಕಿ. ನಮ್ಮ ದೇಶದ ಕಂಪನಿ ನಿಯಮವೂ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಲೆಕ್ಕದ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದರೆ, ಅದರ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಇರಬೇಕು. 2022ರ ಆಗಸ್ಟ್‌ನಿಂದ ಇದು ದಿನಾ ಆಗಬೇಕು. ಎಷ್ಟು ಜನ ಪಾಲಿಸುತ್ತಿದ್ದಾರೆ ಅಂತ ನಿಮ್ಮ ನಿಮ್ಮ ಆಡಿಟರನ್ನೇ ಕೇಳಿ.

ಡ್ರಾಯಿಂಗ್‌ಗಳದು ಇನ್ನೂ ನಾಜೂಕು. ರಿವಿಜನ್ ಬಿ, ಅಂದರೆ ತಿದ್ದಿದ ಹೊಸ ಡ್ರಾಯಿಂಗ್, ಬಂದಿರುತ್ತದೆ, ಯಾರದೋ ವಾಟ್ಸಾಪ್‌ನಲ್ಲಿ ಎ ಉಳಿದಿರುತ್ತದೆ. ಒಂದು ರಂಧ್ರ ಎರಡು ಮಿಲಿಮೀಟರ್ ಸರಿದಿರುತ್ತದೆ ಅಷ್ಟೇ. ಹಳೆಯದನ್ನು ನೋಡಿ ಎರಕ ಹೊಯ್ದರೆ ಅಷ್ಟೂ ಮಾಲು ಮತ್ತೆ ಕುಲುಮೆಗೆ. ಕಬ್ಬಿಣ ವಾಪಸ್ ಸಿಗುತ್ತದೆ, ಕರೆಂಟು, ಕೂಲಿ, ಗಿರಾಕಿಯ ನಂಬಿಕೆ ಸಿಗುವುದಿಲ್ಲ. ಇಲ್ಲಿ ಜರ್ಮನಿಯ ನಮ್ಮ ಕಂಪನಿಯಲ್ಲಿ ಡ್ರಾಯಿಂಗ್ ಒಂದೇ ಕಡೆ ಇರುತ್ತದೆ. ಒಬ್ಬರು ತೆಗೆದುಕೊಂಡಿದ್ದರೆ ಇನ್ನೊಬ್ಬರಿಗೆ ಬೀಗ. ಶಾಪ್ ಫ್ಲೋರಿನ ಪರದೆಯಲ್ಲಿ ಕೊನೆಯ ರಿವಿಜನ್ ಬಿಟ್ಟು ಬೇರೆ ಕಾಣುವುದೇ ಇಲ್ಲ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಇದೆ, ನಿಜ. ಆದರೆ ಅದಿಲ್ಲದೆಯೂ ಒಂದು ಫೋಲ್ಡರ್, ಅದಕ್ಕೆ ಒಬ್ಬ ಜವಾಬ್ದಾರ, ಉಳಿದವರಿಗೆ ಓದಲು ಮಾತ್ರ ಅನುಮತಿ, ವಾಟ್ಸಾಪ್‌ನಲ್ಲಿ ಫೈಲ್ ಬದಲು ಲಿಂಕ್ ಅಂತ ಮಾಡಿಕೊಂಡರೆ ಮುಕ್ಕಾಲು ಪಾಲು ತೊಂದರೆ ಹೋಗುತ್ತದೆ. ಮಾಮಾ ಇದನ್ನು ಶುರು ಮಾಡಿದ್ದಾರೆ.

ದೊಡ್ಡವರ ಹತ್ತಿರ ಕೊಟ್ಟರೆ ಸಾಕು ಅನ್ನುವವರಿಗೆ ಎರಡು ಬೆಂಕಿ ನೆನಪಿಸುತ್ತೇನೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನುವ ಕ್ಲೌಡ್ ಕಂಪನಿಯ, ಸರ್ವರುಗಳನ್ನಿಡುವ ಡೇಟಾ ಸೆಂಟರ್ ಕಟ್ಟಡವೊಂದು ಪೂರ್ತಿ ಸುಟ್ಟಿತು. ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿದ್ದ ಗಿರಾಕಿಗಳಿಗೆ ಏನೂ ಉಳಿಯಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಹೋಯಿತು. ಹೊರಗೆಲ್ಲೂ ಅದರ ನಕಲು ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಸರ್ಕಾರ ಅದು. ಅದಕ್ಕೇ ಇನ್ನೊಂದು ನಕಲು ಬೇರೆ ಊರಲ್ಲಿ, ಬೇರೆ ಕಂಪನಿಯ ಹತ್ತಿರ ಇರಲಿ ಅಂತ ನಾನು ಹಠ ಮಾಡುವುದು. ವಾರಕ್ಕೊಮ್ಮೆ ಹಾರ್ಡ್ ಡಿಸ್ಕಿಗೆ ತೆಗೆದು ಮನೆಯಲ್ಲಿಟ್ಟರೂ ಆದೀತು.

ಯಾವ ದೇಶದ ಕಂಪನಿ ಅನ್ನುವುದು ಮುಖ್ಯವಾ? ಯುರೋಪಿನಲ್ಲಿ ಇದು ದಿನನಿತ್ಯದ ಮಾತು. ಫೈಲ್ ಬೇರೆ ದೇಶದಲ್ಲಿದ್ದರೂ ಅಮೆರಿಕದ ಕಂಪನಿಯ ಕೈಯಲ್ಲಿದ್ದರೆ ಅಲ್ಲಿನ ಕೋರ್ಟು ಕೇಳಬಹುದು ಅನ್ನುವ ಕಾನೂನು 2018ರಲ್ಲಿ ಅಲ್ಲಿ ಬಂತು. ಅಮೆರಿಕಕ್ಕೆ ಜನರ ವಿವರ ಕಳಿಸುವ ಒಪ್ಪಂದಗಳನ್ನು ಯುರೋಪಿನ ಕೋರ್ಟು 2015ರಲ್ಲೊಮ್ಮೆ, 2020ರಲ್ಲೊಮ್ಮೆ ರದ್ದು ಮಾಡಿದೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್ ಆಫೀಸಿನಿಂದ ಲಿಬ್ರೆಆಫೀಸಿಗೆ ಬದಲಿಸುವ ತೀರ್ಮಾನ ಮಾಡಿತು. ಫೈಲ್ ಹಂಚಿಕೊಳ್ಳಲು ಆರಿಸಿಕೊಂಡದ್ದು ನೆಕ್ಸ್ಟ್‌ಕ್ಲೌಡ್. ಅದು ನಮ್ಮ ಸ್ಟುಟ್‌ಗಾರ್ಟಿನಲ್ಲೇ 2016ರಲ್ಲಿ ಹುಟ್ಟಿದ್ದು, ಸ್ವಂತ ಸರ್ವರಿನಲ್ಲೇ ಹಾಕಿಕೊಳ್ಳಬಹುದು.

ಇದೆಲ್ಲ ನಮಗ್ಯಾಕೆ ಅಂತ ಮೊದಲು ನನಗೂ ಅನ್ನಿಸುತ್ತಿತ್ತು. 2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣ ಘಟಕ ಇರುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಂತಿತು. ಕಾರಣ, ಯುರೋಪ್ ಒಕ್ಕೂಟದ ನಿರ್ಬಂಧ. ದುಡ್ಡು ಕಟ್ಟಿದ ಲೈಸೆನ್ಸ್ ಇದ್ದರೂ ನಮ್ಮದೇ ಡೇಟಾ ನಮಗೆ ಸಿಗುತ್ತಿಲ್ಲ ಅಂತ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಕೆಲವೇ ದಿನಗಳಲ್ಲಿ ಸೇವೆ ವಾಪಸ್ ಬಂತು. ಭಾರತದ ಕಂಪನಿ, ಭಾರತದ ನೆಲ, ನಿರ್ಬಂಧ ಮಾತ್ರ ಯುರೋಪ್ ಒಕ್ಕೂಟದ ಬ್ರಸೆಲ್ಸ್‌ನದು. ಉದ್ಯಮಬಾಗದ ಫೌಂಡ್ರಿಗೆ ಯಾರೂ ನಿರ್ಬಂಧ ಹಾಕುವುದಿಲ್ಲ ಅನ್ನೋಣ. ಆದರೂ ಲಾಗಿನ್ ನಿಂತ ದಿನ ಕೋರ್ಟಿಗೆ ಹೋಗುವ ಶಕ್ತಿ ಅವರಿಗಿಲ್ಲ. ಸಣ್ಣವರಿಗೆ ಇರುವ ಒಂದೇ ರಕ್ಷಣೆ ಸ್ವಂತ ಕೈಯಲ್ಲಿರುವ ನಕಲು. ಚೆನ್ನೈ ಮೂಲದ ಜೋಹೋದ ವರ್ಕ್‌ಡ್ರೈವ್ ಬಳಸುತ್ತೇವೆ ಅನ್ನುವವರನ್ನು ನಾನು ಮೆಚ್ಚುತ್ತೇನೆ. ಆದರೆ ಅವರಿಗೂ ಎರಡನೇ ನಕಲು ಬೇಕೇ ಬೇಕು.

ದರವೂ ಇವತ್ತಿನದೇ ನಾಳೆಗೆ ಇರುವುದಿಲ್ಲ. ಡ್ರಾಪ್‌ಬಾಕ್ಸ್ ತನ್ನ ಒಂದು ಬಿಸಿನೆಸ್ ಪ್ಲಾನಿನಲ್ಲಿ ‘ಬೇಕಾದಷ್ಟು ಜಾಗ’ ಕೊಡುತ್ತಿತ್ತು, 2023ರ ಆಗಸ್ಟಿನಲ್ಲಿ ನಿಲ್ಲಿಸಿತು. ಅದನ್ನು ನಂಬಿ ತುಂಬಿದವರು ಜಾಗ ಹುಡುಕಿಕೊಂಡು ಓಡಾಡಬೇಕಾಯಿತು.

ಇನ್ನೊಂದು ಹೇಳಲೇಬೇಕು. ಜರ್ಮನಿಯ ಕಾರು ಕಂಪನಿಗಳಿಗೆ ಮಾಲು ಕೊಡುವವರು ಟಿಸಾಕ್ಸ್ ಅನ್ನುವ ಮಾಹಿತಿ ಸುರಕ್ಷತೆಯ ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ. ಆ ಒತ್ತಡ ಒಬ್ಬರಿಂದ ಒಬ್ಬರಿಗೆ ಇಳಿಯುತ್ತಾ ಸಣ್ಣ ಕಾರ್ಖಾನೆಯ ಬಾಗಿಲಿಗೂ ಪ್ರಶ್ನಾವಳಿಯಾಗಿ ಬರುತ್ತದೆ. ನಮ್ಮ ಡ್ರಾಯಿಂಗ್ ಎಲ್ಲಿಡುತ್ತೀರಿ, ಯಾರು ನೋಡಬಹುದು, ಕೆಲಸ ಬಿಟ್ಟವರ ಖಾತೆ ಏನು ಮಾಡುತ್ತೀರಿ. ಭಾರತದಿಂದ ತುಂಬಿ ಬಂದ ಅಂಥ ಹಾಳೆಗಳು ನನ್ನ ಮೇಜಿಗೂ ಬರುತ್ತವೆ. ಮಾಲು ಎಷ್ಟು ಚೆನ್ನಾಗಿರುತ್ತದೆ ಅಂತ ಗೊತ್ತಿದ್ದೂ ಆ ಉತ್ತರಗಳನ್ನು ನೋಡಿ ಸಂಕಟ ಆಗುತ್ತದೆ. ಬ್ಯಾಕಪ್‌ನಿಂದ ಫೈಲ್ ವಾಪಸ್ ತಂದು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ ಅನ್ನುವ ಸಾಲು ಎಷ್ಟೋ ಹಾಳೆಗಳಲ್ಲಿ ಖಾಲಿ ಇರುತ್ತದೆ. ಅಲ್ಲೊಂದು ತಾರೀಕು ಬರೆಯಲು ಹೊಸ ಸಾಫ್ಟ್‌ವೇರ್ ಬೇಡ. ಒಂದು ಶನಿವಾರ ಮಧ್ಯಾಹ್ನ ಬೇರೆ ಕಂಪ್ಯೂಟರಿನಲ್ಲಿ ಕೂತು, ಹೋದ ವರ್ಷದ ಒಂದು ಡ್ರಾಯಿಂಗು, ಒಂದು ತಿಂಗಳ ಟ್ಯಾಲಿ ಲೆಕ್ಕ ತೆರೆದುಕೊಳ್ಳುತ್ತದಾ ಅಂತ ನೋಡಿದರೆ ಆಯಿತು.