ನೋಡದೇ ರ‍್ಯಾಮ್ ಹಾಕಿಸಿ ಅನ್ನಬೇಡಿ
ನಮ್ಮ ದಾವಣಗೆರೆಯಲ್ಲಿ ಲ್ಯಾಪ್‌ಟಾಪ್ ಸ್ಲೋ ಅಂತ ರಿಪೇರಿಗೆ ಒಯ್ದರೆ ಸಾಕು, ಆನ್ ಮಾಡಿ ನೋಡುವ ಮೊದಲೇ "ರ‍್ಯಾಮ್ ಹಾಕಿಸಿಬಿಡಿ" ಅನ್ನುತ್ತಾರೆ. ಸಿಟ್ಟು ಬರುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಮೆಮೊರಿ, ಅಂದರೆ ರ‍್ಯಾಮ್, ತುಂಬಿದೆಯಾ ಇಲ್ಲಾ ಡಿಸ್ಕ್ ಶೇ. 100ಕ್ಕೆ ಹೋಗಿ ನಿಂತಿದೆಯಾ ಅಂತ ಅಲ್ಲೇ ಕಾಣುತ್ತದೆ, ಅಷ್ಟು ನೋಡಿ ಹೇಳಬಹುದಲ್ವಾ? ಮೆಮೊರಿ ಅರ್ಧ ಖಾಲಿಯಿದ್ದು ಹಳೇ ಹಾರ್ಡ್ ಡಿಸ್ಕ್ ಒದ್ದಾಡುತ್ತಿದ್ದರೆ ಬೇಕಿರುವುದು ಅದರ ಜಾಗಕ್ಕೆ ಅದಕ್ಕಿಂತ ವೇಗದ ಸ್ಟೋರೇಜ್, ಅಂದರೆ ಎಸ್‌ಎಸ್‌ಡಿ. ಸುಮ್ನೆ ರ‍್ಯಾಮ್‌ಗೆ ಯಾಕೆ ಗಿರಾಕಿಯ ದುಡ್ಡು ಸುರಿಸುತ್ತೀರಿ, ರಿಪೇರಿಯವರೇ? 4 ಜಿಬಿಯಲ್ಲಿ ಕ್ರೋಮ್ ಟ್ಯಾಬ್ ಜಾಸ್ತಿ ತೆರೆಯುವವರಿಗೆ 8 ಜಿಬಿ ಬೇಕು, ಸರಿ. ಆದರೆ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಇನ್ನು ಹಳೇ ತಲೆಮಾರಿನ ಡಿಡಿಆರ್4 ರ‍್ಯಾಮ್‌ನ ಸ್ಲಾಟಿನಲ್ಲಿ ಹೊಸ ತಲೆಮಾರಿನ ಡಿಡಿಆರ್5 ಕೂರುವುದಿಲ್ಲ. ಇಷ್ಟನ್ನೂ ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಿ. ಫೀಸಿಗೇ ಪರದಾಡುವ ಎಂಜಿನಿಯರಿಂಗ್ ಹುಡುಗರು ನಿಮ್ಮ ಮಾತು ನಂಬಿ ಬರುತ್ತಾರೆ.