ಬಾಡಿಗೆಯೇ ಸಾಕು, ಯೋಜನೆ ಏಕೆ?

ಐಟಿ ಉದ್ಯಮವನ್ನು ರಾಜಧಾನಿಯಾಚೆಗೆ ಒಯ್ಯಲು ರಾಜ್ಯ ಸರ್ಕಾರ ‘ಬಿಯಾಂಡ್ ಬೆಂಗಳೂರು’ ಎಂದು ಹೆಸರಿಟ್ಟು ದಣಿಯುತ್ತಿರುವುದನ್ನು ಕಂಡರೆ ಮರುಕವಾಗುತ್ತದೆ. ಆ ಕೆಲಸವನ್ನು ಮನೆ ಮಾಲೀಕರು ಬಿಡಿಗಾಸಿನ ಅನುದಾನವನ್ನೂ ಕೇಳದೆ ಮಾಡಿ ಮುಗಿಸುತ್ತಿದ್ದಾರೆ. ನನ್ನ ಅಕ್ಕನ ಮಗನನ್ನೇ ನೋಡಿ. 11 ತಿಂಗಳ ಕರಾರು ಮುಗಿದ ದಿನ ಮಾಲೀಕರು ಅವನನ್ನು ಕರೆದು ಕಾಫಿ ಕೊಟ್ಟು, ‘ಏರಿಯಾ ತುಂಬಾ ಡೆವಲಪ್ ಆಗಿದೆಯಪ್ಪ’ ಎನ್ನುತ್ತಾ 22 ಸಾವಿರದ ಬಾಡಿಗೆಯನ್ನು 30 ಸಾವಿರಕ್ಕೆ ಏರಿಸಿದರು. ಆ ಅಭಿವೃದ್ಧಿ ಎಲ್ಲಿದೆಯೆಂದು ಅವನು ಕಿಟಕಿಯಿಂದ ಇಣುಕಿದರೆ, ಎರಡು ವರ್ಷದ ಹಿಂದೆ ಅಗೆದು ಬಿಟ್ಟ ಅದೇ ಚರಂಡಿ ಕಂಡಿತು.

ಅಡ್ವಾನ್ಸ್ ವಿಷಯದಲ್ಲಂತೂ ನಮ್ಮೂರಿಗೆ ಸಾಟಿಯಿಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದಿತು. 10 ತಿಂಗಳಿನದನ್ನು ಎಣಿಸಿಕೊಂಡು ರೂಢಿಯಾದವರಿಗೆ ಅದು ಯುಗಾದಿಯ ಶುಭಾಶಯ ಪತ್ರದಂತೆ, ಓದಿ ಮರೆಯತಕ್ಕದ್ದು. ಬಡ್ಡಿಯಿಲ್ಲದ ಸಾಲ ಪಡೆಯುವವರೇ ಸಾಲ ಕೊಡುವವನನ್ನು ನಿಲ್ಲಿಸಿಕೊಂಡು ‘ನೀವು ಯಾವ ಪೈಕಿ, ಮಾಂಸ ತಿನ್ನುತ್ತೀರಾ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ’ ಎಂದು ವಿಚಾರಿಸುವ ವ್ಯವಹಾರ ಬೇರೆಲ್ಲಾದರೂ ಇದ್ದರೆ ತಿಳಿಸಿ. ಮನೆ ಬಿಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಕಡಿತ. ನಮ್ಮವನು ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯನ್ನು ಹೊಡೆದದ್ದು ಅವನಿಗಿಂತ ಹಿಂದೆ ಇದ್ದವರು. ದುಡ್ಡು ತೆತ್ತು ಬಂದವನು ಇವನು, ಮೊಳೆ ಮುಂದಿನವರಿಗಾಗಿ ಗೋಡೆಯಲ್ಲೇ ಇದೆ.

ಆದಾಯ ತೆರಿಗೆಯವರ ಲೆಕ್ಕಾಚಾರ ಇನ್ನೂ ರಸವತ್ತಾದದ್ದು. ಮನೆಬಾಡಿಗೆ ಭತ್ಯೆಯ ವಿನಾಯಿತಿಗೆ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ವೇತನದ ಶೇ 50ರ ಮಿತಿ ಇಟ್ಟು, ಬೆಂಗಳೂರನ್ನು ದಶಕಗಳ ಕಾಲ ತಿಪಟೂರಿನ ಪಕ್ಕ ಶೇ 40ರ ಸಾಲಿನಲ್ಲಿ ಕೂರಿಸಿದ್ದರು. ಬಾಡಿಗೆ ಮಹಾನಗರದ್ದು, ರಿಯಾಯಿತಿ ತಾಲ್ಲೂಕು ಕೇಂದ್ರದ್ದು.

ಅಂತೂ ಅವನೀಗ ಮೈಸೂರಿನ ನಿವಾಸಿ. ಮನೆಯಷ್ಟೇ ಬಂತು, ಕಚೇರಿ ಬರಲಿಲ್ಲ. ವಾರಕ್ಕೆ ಮೂರು ದಿನ ಸುಮಾರು 139 ಕಿಲೋಮೀಟರ್ ರೈಲಿನಲ್ಲಿ ಹೋಗಿ, ಸೀಟು ಸಿಗದಿದ್ದರೆ ಬಾಗಿಲ ಬಳಿ ಲ್ಯಾಪ್‌ಟಾಪ್ ಚೀಲವನ್ನು ಅವುಚಿಕೊಂಡು ನಿಂತು, ಅಷ್ಟೇ ದೂರ ಮರಳುತ್ತಾನೆ. ಆ ಮೂರು ದಿನ ಅವನ ನಾಲ್ಕು ವರ್ಷದ ಮಗಳು ಅಪ್ಪನ ಮುಖ ನೋಡುವುದಿಲ್ಲ. ಅವನು ಹೊರಡುವಾಗಲೂ ನಿದ್ದೆ, ಬರುವಾಗಲೂ ನಿದ್ದೆ. ಇದನ್ನು ‘ಜೀವನಶೈಲಿಯ ಆಯ್ಕೆ’ ಎಂದು ಬರೆಯುವವರನ್ನು ಕಂಡರೆ ನನಗೆ ವ್ಯಂಗ್ಯವೂ ಹೊಳೆಯುವುದಿಲ್ಲ, ಮೈ ಉರಿಯುತ್ತದೆ. ಅವನು ಆರಿಸಿಕೊಂಡದ್ದು ಏನೂ ಇಲ್ಲ. ಅವನನ್ನು ಊರು ಬಿಡಿಸಿದರು, ಅಷ್ಟೆ.

ಮೈಸೂರಿನ ಮಾಲೀಕರೂ ಈಗ ‘ಬೆಂಗಳೂರಿನವರಾ?’ ಎಂದು ಕೇಳಿಕೊಂಡೇ ಬಾಡಿಗೆ ಹೇಳುತ್ತಿದ್ದಾರಂತೆ. ಮೊನ್ನೆ ಅವನು ಚಾಮರಾಜನಗರದ ರೈಲಿನ ಸಮಯ ವಿಚಾರಿಸುತ್ತಿದ್ದ.